ಮಣ್ಣಿನ ಮಾದರಿಯಲ್ಲಿ ಅನಿಲ ಹೈಡ್ರೇಟಿನ ಪ್ರಮಾಣನಿರ್ಣಯ: ಕೃಷ್ಣೆಯ ಮೆಕ್ಕಲು ಕೊಡುವ ಒಂದು ನಿದರ್ಶನ

೧

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಾಲ್ಕು ತಾಲೂಕುಗಳು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿವೆ. ೧೯೪೮ಕ್ಕೆ ಮೊದಲು ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದರು. ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಆಳ್ವಿಕೆಯಲ್ಲಿ ಹೀಗೆ ಹರಿದು ಹಂಚಿಹೋಗಿದ್ದ ಈ ಸೀಮೆಯನ್ನು ಒಂದಾಗಿ ಹಿಡಿದಿಟ್ಟವು ಎರಡು ವಸ್ತುಗಳು, ನೀರು ಮತ್ತು ಮಣ್ಣು. ಜಮಖಂಡಿ, ರಬಕವಿಗಳ ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ. ಗೋಕಾಕದಲ್ಲಿ ಧುಮುಕಿ ಬಂದ ಘಟಪ್ರಭೆ ಮುಧೋಳದ ಮಗ್ಗುಲನ್ನು ಹಾದು, ಬೀಳಗಿಯ ಕಡೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಈ ನದಿಗಳ ಇಕ್ಕೆಲದಲ್ಲಿ ಇರುವುದು ಎರೆಭೂಮಿ.

ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಅದರ ನೀರು ಬರಿಯ ನೀರಲ್ಲ, ಮಣ್ಣು ಕಲಸಿದ ರಾಡಿ ಎಂಬುದನ್ನು ಈ ದಂಡೆಯ ಮಕ್ಕಳೂ ಬಲ್ಲರು. ಸಹ್ಯಾದ್ರಿಯಿಂದ ಇತ್ತಕಡೆ ಹಬ್ಬಿರುವ ಕರಿಗಲ್ಲು ಸಹಸ್ರಾರು ವರ್ಷ ಬಿಸಿಲು ಮಳೆಗಳಿಗೆ ಸವೆದು ಎರೆಮಣ್ಣಾಯಿತು. ಅದರ ನುಣ್ಪಾದ ಭಾಗ ಹೊಳೆಯ ಪಾಲಾಯಿತು. ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರಗಳ ಕಟ್ಟೆಗಳು ಇಂದು ಆ ಮೆಕ್ಕಲಿನ ಬಹುಭಾಗವನ್ನು ತಡೆದಿಡುತ್ತವೆ. ಕಟ್ಟೆಗಳಿಲ್ಲದ ದೀರ್ಘಕಾಲದಲ್ಲಿ ಅದು ಹಂಸಲದೀವಿಯ ಬಳಿ ಸಮುದ್ರವನ್ನು ಸೇರಿ, ಅಲ್ಲಿಂದ ಮುಂದಕ್ಕೆ ಬಂಗಾಳ ಕೊಲ್ಲಿಯ ಆಳಕ್ಕೆ ಜಾರಿ, ಪದರ ಪದರವಾಗಿ ನೆಲೆಗೊಂಡಿತು. ಗೋದಾವರಿಯ ಮೆಕ್ಕಲೂ ಅದರೊಡನೆ ಬೆರೆಯಿತು. ಆ ತಾಣವನ್ನು ಭೂವಿಜ್ಞಾನಿಗಳು ಕೃಷ್ಣಾ-ಗೋದಾವರಿ ಜಲಾನಯನ ಎಂದು ಕರೆಯುವರು.

೨೦೦೬ರಲ್ಲಿ ಆ ಕೆಸರನ್ನು ಕೊರೆದು ಮೇಲಕ್ಕೆತ್ತಿದಾಗ ಅದರಲ್ಲಿ ಅನಿಲ ಹೈಡ್ರೇಟ್ ಎಂಬ ವಸ್ತು ಹೇರಳವಾಗಿ ಕಂಡುಬಂದಿತು. ಈ ಲೇಖನದ ಉದ್ದೇಶ ಅದರ ಆರ್ಥಿಕ ಮಹತ್ತ್ವವನ್ನು ಕೊಂಡಾಡುವುದಲ್ಲ. ಒಂದು ಮಣ್ಣಿನ ಮಾದರಿಯಲ್ಲಿ ಈ ವಸ್ತು ಎಷ್ಟಿದೆ ಎಂದು ಪ್ರಯೋಗಶಾಲೆಯಲ್ಲಿ ನಿರ್ಣಯಿಸುವ ಬಗೆಯನ್ನು ಸಂಕ್ಷೇಪವಾಗಿ ನಿರೂಪಿಸಲು ನಾವು ಇಲ್ಲಿ ಯತ್ನಿಸುವೆವು. ಇತಿಹಾಸದ ಅಧ್ಯಾಪಕರಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಆಸಕ್ತಿಯುಂಟು. ಮುಟ್ಟಿದೊಡನೆ ಅಳಿದುಹೋಗುವ ವಸ್ತುವೊಂದನ್ನು ಅದು ಬಿಟ್ಟುಹೋದ ಗುರುತುಗಳಿಂದ ಅಳೆಯುವ ಈ ಕೆಲಸಕ್ಕೂ ನಮ್ಮ ಶಾಸ್ತ್ರದ ಪ್ರಮಾಣವಿಚಾರಕ್ಕೂ ಇರುವ ನಂಟನ್ನು ಕಂಡು ನಾವು ಇದನ್ನು ಓದತೊಡಗಿದೆವು.

೨

ಮೊದಲು ವಸ್ತುವಿನ ಪರಿಚಯ. ಅನಿಲ ಹೈಡ್ರೇಟ್ ನೋಡಲು ಮಂಜುಗಡ್ಡೆಯಂತಿದೆ. ನೀರಿನ ಅಣುಗಳು ಒಂದಕ್ಕೊಂದು ಕೈಹಿಡಿದು ಪಂಜರದಾಕೃತಿಯಲ್ಲಿ ನಿಲ್ಲುತ್ತವೆ. ಒಂದೊಂದು ಪಂಜರದಲ್ಲಿ ಅನಿಲದ ಅಣುವೊಂದು ಸೆರೆಸಿಕ್ಕಿರುತ್ತದೆ. ಸಮುದ್ರತಳದಲ್ಲಿ ಸಾಮಾನ್ಯವಾಗಿ ಹೀಗೆ ಸಿಕ್ಕಿಬೀಳುವುದು ಮೀಥೇನ್. ಅದರ ಹೈಡ್ರೇಟಿನಲ್ಲಿ ನೀರಿನ ೪೬ ಅಣುಗಳಿಗೆ ೮ ಪಂಜರಗಳಿರುತ್ತವೆ. ಅನಿಲಕ್ಕೂ ನೀರಿಗೂ ನಡುವೆ ರಾಸಾಯನಿಕ ಬಂಧವಿಲ್ಲ. ಪಂಜರ ಒಡೆದರೆ ಹಕ್ಕಿ ಹಾರಿಹೋಗುವುದು, ಹಿಂದೆ ನೀರು ಉಳಿಯುವುದು.

ಈ ವರ್ಗದ ವಸ್ತುಗಳನ್ನು ಮೊದಲು ಗುರುತಿಸಿದವನು ಇಂಗ್ಲೆಂಡಿನ ಹಂಫ್ರಿ ಡೇವಿ. ೧೮೧೦-೧೧ರ ಸುಮಾರಿಗೆ ಕ್ಲೋರಿನ್ ಬೆರೆತ ನೀರನ್ನು ತಂಪುಗೊಳಿಸಿದಾಗ ಅದು ಘನವಾಗುವುದನ್ನು ಆತ ಕಂಡನು. ೧೮೨೩ರಲ್ಲಿ ಮೈಕೇಲ್ ಫ್ಯಾರಡೆ ಆ ಘನವಸ್ತುವಿನಲ್ಲಿ ಕ್ಲೋರಿನ್ ಎಷ್ಟು, ನೀರು ಎಷ್ಟು ಎಂದು ಅಳೆದನು. ಹೈಡ್ರೇಟಿನ ಪ್ರಮಾಣನಿರ್ಣಯದ ಚರಿತ್ರೆ ಅಲ್ಲಿಗೆ ಆರಂಭವಾಯಿತೆನ್ನಬಹುದು. ಫ್ರಾನ್ಸಿನ ವಿಲ್ಲಾರ್ ೧೮೮೮ರಲ್ಲಿ ಮೀಥೇನಿನ ಹೈಡ್ರೇಟನ್ನು ತಯಾರಿಸಿದನು. ೧೯೩೪ರಲ್ಲಿ ಅಮೆರಿಕದ ಹ್ಯಾಮರ್‌ಸ್ಮಿತ್, ಅನಿಲ ಸಾಗಿಸುವ ಕೊಳವೆಗಳು ಕಟ್ಟಿಕೊಳ್ಳಲು ಈ ವಸ್ತುವೇ ಕಾರಣವೆಂದು ತೋರಿಸಿದನು. ಅಲ್ಲಿಯವರೆಗೆ ಇದು ಪ್ರಯೋಗಶಾಲೆಯ ಕೌತುಕವಾಗಿತ್ತು. ಪ್ರಕೃತಿಯಲ್ಲಿಯೂ ಇದರ ರಾಶಿಗಳುಂಟೆಂಬುದು ತಿಳಿದದ್ದು ಆಮೇಲೆ.

ಹೈಡ್ರೇಟ್ ನಿಲ್ಲಬೇಕಾದರೆ ಒತ್ತಡ ಹೆಚ್ಚಿರಬೇಕು, ಉಷ್ಣತೆ ಕಡಿಮೆಯಿರಬೇಕು. ಸಾವಿರ ಮೀಟರ್ ಆಳದ ಸಮುದ್ರತಳದಲ್ಲಿ ಒತ್ತಡವು ನಾವು ನಿಂತಿರುವ ನೆಲದ ಮೇಲಿನ ವಾಯುವಿನ ಒತ್ತಡದ ಸುಮಾರು ನೂರುಪಟ್ಟು. ಅಲ್ಲಿಯ ನೀರಾದರೋ ನಮ್ಮ ಮಾಗಿಯ ಚಳಿಗಿಂತಲೂ ತಣ್ಣಗೆ. ಕೆಸರಿನಲ್ಲಿ ಹುದುಗಿದ ಸಸ್ಯಾವಶೇಷಗಳನ್ನು ಸೂಕ್ಷ್ಮಜೀವಿಗಳು ಕೊಳೆಯಿಸಿದಾಗ ಮೀಥೇನ್ ಹುಟ್ಟುತ್ತದೆ. ಕೃಷ್ಣಾ-ಗೋದಾವರಿ ಜಲಾನಯನದಲ್ಲಿ ದೊರೆತ ಮೀಥೇನ್ ಬಹುಮಟ್ಟಿಗೆ ಈ ಬಗೆಯದು. ನದಿ ಹೊತ್ತು ತಂದ ಮಣ್ಣು ಮನೆಯಾಯಿತು. ಅದರೊಡನೆ ಬಂದ ಎಲೆ, ಬೇರು, ಕಸಕಡ್ಡಿಗಳು ಅನಿಲಕ್ಕೆ ಮೂಲವಾದುವು.

೩

ಈಗ ಅಳತೆಯ ತೊಡಕು. ಕೊರೆದ ಮಣ್ಣಿನ ಕಂಬವನ್ನು ಹಡಗಿಗೆ ಎತ್ತುತ್ತಿರುವಾಗಲೇ ಒತ್ತಡ ಇಳಿಯುತ್ತದೆ, ಉಷ್ಣತೆ ಏರುತ್ತದೆ, ಹೈಡ್ರೇಟ್ ಕರಗತೊಡಗುತ್ತದೆ. ದಪ್ಪನೆಯ ಗೆಣ್ಣುಗಳು ಕೆಲವು ಉಳಿದುಕೊಂಡು ಕಣ್ಣಿಗೆ ಬೀಳುವುದುಂಟು. ಅವನ್ನು ಕೂಡಲೆ ದ್ರವ ಸಾರಜನಕದಲ್ಲಿ ಮುಳುಗಿಸಿ ಕಾಪಾಡುವರು. ಸಣ್ಣ ಎಳೆಗಳು ಮತ್ತು ಕಣಗಳು ಮೇಜನ್ನು ಮುಟ್ಟುವ ವೇಳೆಗೆ ಇಲ್ಲವಾಗಿರುತ್ತವೆ. ಮಣ್ಣಿನಲ್ಲಿರುವ ಸುಣ್ಣವನ್ನೋ ಕಬ್ಬಿಣವನ್ನೋ ಅಳೆಯುವಂತೆ ಇದನ್ನು ತೂಗಿ ಅಳೆಯಲು ಬಾರದು. ಅದು ಕರಗುವಾಗ ಮಾಡಿದ ಕೆಲಸವನ್ನೂ ಕರಗಿದ ಮೇಲೆ ಬಿಟ್ಟ ಶೇಷವನ್ನೂ ಅಳೆಯಬೇಕು. ಅಂಥ ಕುರುಹುಗಳು ಮೂರು: ತಂಪು, ಅನಿಲ, ಸಿಹಿನೀರು.

ಹೈಡ್ರೇಟ್ ಕರಗಲು ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನ ಮಣ್ಣಿನಿಂದ ಸೆಳೆದುಕೊಳ್ಳುತ್ತದೆ. ಆದುದರಿಂದ ಹಡಗಿನ ಮೇಲೆ ಬಂದ ಕಂಬದ ಉದ್ದಕ್ಕೂ ಅವಕೆಂಪು ಕಿರಣಗಳ ಛಾಯಾಯಂತ್ರವನ್ನು ಹಾಯಿಸಿದರೆ, ಹೈಡ್ರೇಟ್ ಇದ್ದ ಕಡೆಗಳು ತಣ್ಣನೆಯ ಪಟ್ಟಿಗಳಾಗಿ ಚಿತ್ರದಲ್ಲಿ ಮೂಡುವುವು. ಎಲ್ಲಿತ್ತೆಂಬುದು ಇದರಿಂದ ಬಹುಬೇಗ ತಿಳಿಯುತ್ತದೆ. ಎಷ್ಟಿತ್ತೆಂಬುದು ಅಷ್ಟು ಖಚಿತವಾಗಿ ತಿಳಿಯದು.

ಎರಡನೆಯ ಕುರುಹು ಅನಿಲ. ಒಂದು ಗಾತ್ರದ ಹೈಡ್ರೇಟ್ ಕರಗಿದರೆ, ಸಾಮಾನ್ಯ ಒತ್ತಡ ಉಷ್ಣತೆಗಳಲ್ಲಿ ಅಳೆದಾಗ, ಅದರ ಸುಮಾರು ೧೬೪ರಷ್ಟು ಗಾತ್ರದ ಮೀಥೇನ್ ಬರುವುದು, ಜೊತೆಗೆ ೦.೮ರಷ್ಟು ಗಾತ್ರದ ನೀರು. ಅನಿಲ ತಪ್ಪಿಸಿಕೊಳ್ಳದಂತೆ ಮಾದರಿಯನ್ನು ಸಮುದ್ರತಳದಲ್ಲಿಯೇ ಬಲವಾದ ಉಕ್ಕಿನ ಕೊಳವೆಯಲ್ಲಿ ಮುಚ್ಚಿ, ಅಲ್ಲಿಯ ಒತ್ತಡದೊಡನೆಯೇ ಮೇಲಕ್ಕೆ ತರುವ ಉಪಾಯವುಂಟು. ಇದನ್ನು ಒತ್ತಡದ ಕಂಬ ಎನ್ನೋಣ. ಪ್ರಯೋಗಶಾಲೆಯಲ್ಲಿ ಅದನ್ನು ಎಕ್ಸ್-ಕಿರಣಗಳಿಂದ ಪರೀಕ್ಷಿಸಿ, ಆಮೇಲೆ ಕೀಲನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತ ಹೊರಬರುವ ಅನಿಲವನ್ನು ಹಿಡಿದು ಅಳೆಯುವರು. ಮೀಥೇನ್ ಸ್ವಲ್ಪಮಟ್ಟಿಗೆ ನೀರಿನಲ್ಲಿಯೂ ಕರಗಿರುತ್ತದೆ. ಆ ಪಾಲನ್ನು ಕಳೆಯಬೇಕು. ಮಿಕ್ಕದ್ದು ಹೈಡ್ರೇಟಿನದು.

ಲೆಕ್ಕ ಸರಳವಾದುದು. ಒಂದು ಲೀಟರ್ ಗಾತ್ರದ ಮಾದರಿಯಲ್ಲಿ ಮಣ್ಣಿನ ಕಣಗಳ ನಡುವಣ ತೆರಪು ೬೦೦ ಮಿಲಿಲೀಟರ್ ಎಂದು ಭಾವಿಸೋಣ. ಕರಗಿದ್ದ ಪಾಲನ್ನು ಕಳೆದ ಮೇಲೆ ೧೯.೭ ಲೀಟರ್ ಮೀಥೇನ್ ಉಳಿಯಿತೆನ್ನಿ. ಅದನ್ನು ೧೬೪ರಿಂದ ಭಾಗಿಸಿದರೆ ೧೨೦ ಮಿಲಿಲೀಟರ್ ಹೈಡ್ರೇಟ್ ಇತ್ತೆಂದಾಯಿತು. ಎಂದರೆ ತೆರಪಿನಲ್ಲಿ ನೂರಕ್ಕೆ ೨೦ ಪಾಲು. ವಿದ್ವಾಂಸರು ಹೈಡ್ರೇಟಿನ ಪ್ರಮಾಣವನ್ನು ಹೇಳುವುದು ಸಾಮಾನ್ಯವಾಗಿ ಹೀಗೆ, ತೆರಪಿನ ಶೇಕಡಾವಾರಿನಲ್ಲಿ.

೪

ಮೂರನೆಯ ಕುರುಹಾದ ಸಿಹಿನೀರಿನದು ನಮ್ಮ ಸೀಮೆಯವರಿಗೆ ಹತ್ತಿರದ ವಿಷಯ. ಏಕೆಂದರೆ ಅದನ್ನು ಅಳೆಯುವ ಪರೀಕ್ಷೆಗಳಲ್ಲೊಂದು ಇಲ್ಲಿಯ ಸವಳುಮಣ್ಣನ್ನು ಪರೀಕ್ಷಿಸುವ ಪರೀಕ್ಷೆಯೇ. ಕಬ್ಬಿನ ಹೊಲಗಳಿಗೆ ಅಳತೆಯಿಲ್ಲದೆ ನೀರು ಹಾಯಿಸಿ, ಬಸಿದುಹೋಗಲು ದಾರಿಯಿಲ್ಲದ ಎರೆಮಣ್ಣಿನಲ್ಲಿ ಉಪ್ಪು ಮೇಲಕ್ಕೇರಿ, ನೆಲ ಬೆಳ್ಳಗಾದುದನ್ನು ಜಮಖಂಡಿ, ಮುಧೋಳಗಳ ರೈತರು ಬಲ್ಲರು. ಅಂಥ ಹೊಲವೊಂದರ ಮಣ್ಣನ್ನು ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ಪರೀಕ್ಷಿಸುವಾಗ ನಾವು ಜೊತೆಯಲ್ಲಿದ್ದೆವು.

ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ತಿಳಿಯಾದ ನೀರಿಗೆ ಪೊಟ್ಯಾಸಿಯಂ ಕ್ರೋಮೇಟಿನ ಕೆಲವು ಹನಿಗಳನ್ನು ಹಾಕಿದರು, ನೀರು ಹಳದಿಯಾಯಿತು. ಆಮೇಲೆ ಗಾಜಿನ ಕೊಳವೆಯಿಂದ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಟ್ಟರು. ಉಪ್ಪಿನ ಕ್ಲೋರೈಡು ಬೆಳ್ಳಿಯೊಡನೆ ಕೂಡಿ ಬಿಳಿಯ ಗಸಿಯಾಯಿತು. ಕ್ಲೋರೈಡು ಪೂರ್ತಿ ತೀರಿದ ಕ್ಷಣದಲ್ಲಿ ನೀರು ಇಟ್ಟಿಗೆಗೆಂಪಿನ ಛಾಯೆಗೆ ತಿರುಗಿ ಹಾಗೆಯೇ ನಿಂತಿತು. ಖರ್ಚಾದ ಬೆಳ್ಳಿಯ ದ್ರಾವಣದಿಂದ ಕ್ಲೋರೈಡಿನ ಲೆಕ್ಕ ಸಿಗುವುದು. ೧೮೫೬ರಲ್ಲಿ ಜರ್ಮನಿಯ ಕಾರ್ಲ್ ಫ್ರೀಡ್ರಿಖ್ ಮೋರ್ ರೂಪಿಸಿದ ಈ ಕ್ರಮವು ಇಂದಿಗೂ ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕಲಿಯುವ ಪಾಠವಾಗಿದೆ.

ನಾವೂ ಒಂದು ಸಲ ಹನಿಗಳನ್ನು ಎಣಿಸಿ, ಉತ್ತರ ಸಿದ್ಧವಾಯಿತೆಂದು ಹೆಮ್ಮೆಯಿಂದ ಹೇಳಿದೆವು. ಸಹೋದ್ಯೋಗಿಗಳು ಕೇಳಿದ್ದು ಒಂದೇ ಪ್ರಶ್ನೆ: "ಬರಿಯ ನೀರಿಗೆ ಎಷ್ಟು ಹಿಡಿಯಿತು?" ಮಣ್ಣೇ ಇಲ್ಲದ ಶುದ್ಧ ನೀರಿನ ಮೇಲೆ ಇದೇ ಪರೀಕ್ಷೆಯನ್ನು ಮಾಡಿ, ಬಣ್ಣ ತಿರುಗಲು ಎಷ್ಟು ಹನಿ ಬೇಕೆಂದು ಮೊದಲೇ ತಿಳಿದಿರಬೇಕಾಗಿತ್ತು. ನಾವು ಅದನ್ನು ಮಾಡಿರಲಿಲ್ಲ. ಆ ಆಧಾರಸಂಖ್ಯೆಯಿಲ್ಲದೆ ನಮ್ಮ ಉತ್ತರ ಉತ್ತರವೇ ಆಗಿರಲಿಲ್ಲ.

ಸಮುದ್ರದ ಕೆಸರಿನಲ್ಲಿ ಇದೇ ಪರೀಕ್ಷೆಯನ್ನು ವಿಲೋಮವಾಗಿ ಉಪಯೋಗಿಸುವರು. ಹೈಡ್ರೇಟಿನ ಪಂಜರದೊಳಗೆ ಉಪ್ಪಿಗೆ ಎಡೆಯಿಲ್ಲ. ಅದು ಕಟ್ಟುವಾಗ ಶುದ್ಧ ನೀರನ್ನು ಮಾತ್ರ ತೆಗೆದುಕೊಂಡು ಉಪ್ಪನ್ನು ಹೊರಗೆ ಬಿಡುತ್ತದೆ. ಹಾಗೆ ಬಿಟ್ಟ ಉಪ್ಪು ಕಾಲಕ್ರಮದಲ್ಲಿ ಸುತ್ತಲೂ ಹರಡಿಹೋಗುತ್ತದೆ. ಮುಂದೆ ಅದು ಕರಗಿದಾಗ ಹೊರಬರುವುದು ಸಿಹಿನೀರು. ಆದುದರಿಂದ ಕೆಸರನ್ನು ಹಿಂಡಿ ತೆಗೆದ ನೀರು ತನ್ನ ಸಹಜಸ್ಥಿತಿಗಿಂತ ಸಪ್ಪೆಯಾಗಿದ್ದರೆ, ಆ ಸಪ್ಪೆತನವೇ ಕರಗಿಹೋದ ಹೈಡ್ರೇಟಿನ ಅಳತೆ.

ಇಲ್ಲಿಯೂ ಒಂದು ಲೆಕ್ಕವನ್ನು ಮಾಡಿ ನೋಡೋಣ. ಸಮುದ್ರಜಲದ ಒಂದು ಲೀಟರಿನಲ್ಲಿ ಸುಮಾರು ೫೫೯ ಮಿಲಿಮೋಲ್ ಕ್ಲೋರೈಡು ಇರುವುದು. ತೆರಪಿನ ನೂರು ಪಾಲಿನಲ್ಲಿ ೮೦ ಪಾಲು ಅಂಥ ಉಪ್ಪುನೀರು, ೨೦ ಪಾಲು ಹೈಡ್ರೇಟ್ ಇದ್ದಿತೆನ್ನಿ. ಆ ೨೦ ಪಾಲು ಕರಗಿ ೧೬ ಪಾಲು ಸಿಹಿನೀರಾಗುವುದು. ೮೦ ಪಾಲಿನಲ್ಲಿದ್ದ ಉಪ್ಪು ಈಗ ೯೬ ಪಾಲಿನಲ್ಲಿ ಹರಡಿತು. ೫೫೯ ಇದ್ದುದು ೪೬೬ಕ್ಕೆ ಇಳಿಯಿತು. ಪ್ರಯೋಗಶಾಲೆಯವರಿಗೆ ಕಾಣುವುದು ಈ ೪೬೬ ಮಾತ್ರ. ಅದರಿಂದ ಹಿಂದಕ್ಕೆ ನಡೆದು ಅವರು ೨೦ನ್ನು ಮುಟ್ಟಬೇಕು.

ಹಿಂದಕ್ಕೆ ನಡೆಯಲು ಆಧಾರಸಂಖ್ಯೆ ಬೇಕು. ಕೆಸರಿನ ಆಳದ ನೀರು ಯಾವಾಗಲೂ ಮೇಲಿನ ಸಮುದ್ರಜಲದಂತೆಯೇ ಇರುವುದಿಲ್ಲ. ಜೇಡಿಯ ಖನಿಜಗಳಿಂದ ಬಿಡುಗಡೆಯಾದ ನೀರು ಅದನ್ನು ಸಪ್ಪೆಗೊಳಿಸಬಹುದು. ಇತ್ತೀಚೆಗೆ ಕಟ್ಟಿದ ಹೈಡ್ರೇಟ್ ಹೊರಬಿಟ್ಟ ಉಪ್ಪು ಇನ್ನೂ ಹರಡದೆ ಉಳಿದು ಅದನ್ನು ಉಪ್ಪಾಗಿಸಬಹುದು. ಮೇಲಿನ ಲೆಕ್ಕದಲ್ಲಿ ಮೂಲವು ೫೫೯ ಆಗಿರದೆ ೫೪೦ ಆಗಿದ್ದರೆ, ಅದೇ ೪೬೬ರಿಂದ ಬರುವ ಉತ್ತರ ಶೇಕಡಾ ೨೦ ಅಲ್ಲ, ೧೬.೬. ಹನಿಗಳ ಎಣಿಕೆಯಲ್ಲಿ ಕಿಂಚಿತ್ತೂ ತಪ್ಪಿಲ್ಲದೆ ಫಲಿತಾಂಶ ತಪ್ಪಬಹುದು. ಹೀಗಾಗದಂತೆ, ಹೈಡ್ರೇಟ್ ಇಲ್ಲವೆಂದು ತಂಪಿನ ಚಿತ್ರದಿಂದ ಗೊತ್ತಾದ ನೆರೆಯ ಪದರಗಳ ನೀರನ್ನೂ ಅಳೆದು, ಅವುಗಳ ನಡುವೆ ಗೆರೆ ಎಳೆದು ಆಧಾರವನ್ನು ಸ್ಥಾಪಿಸುವರು.

೫

ಭಾರತದ ರಾಷ್ಟ್ರೀಯ ಅನಿಲ ಹೈಡ್ರೇಟ್ ಕಾರ್ಯಕ್ರಮದ ಮೊದಲನೆಯ ಶೋಧಯಾತ್ರೆಯಲ್ಲಿ ಈ ಮೂರು ಕ್ರಮಗಳಿಗೂ ಕೆಲಸ ದೊರೆಯಿತು. ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ೨೦೦೬ರ ಏಪ್ರಿಲ್ ೨೮ರಿಂದ ಆಗಸ್ಟ್ ೧೯ರವರೆಗೆ ೨೧ ತಾಣಗಳಲ್ಲಿ ಸಮುದ್ರತಳವನ್ನು ಕೊರೆಯಿತು. ಅರಬ್ಬೀ ಸಮುದ್ರದಲ್ಲಿ ಕೇರಳ-ಕೊಂಕಣ ತೀರದಾಚೆ ಕೊರೆದ ಮೊದಲ ತಾಣದ ಸುಣ್ಣಮಯವಾದ ಕೆಸರಿನಲ್ಲಿ ಹೈಡ್ರೇಟ್ ಸಿಗಲಿಲ್ಲ. ಕೃಷ್ಣಾ-ಗೋದಾವರಿ ಜಲಾನಯನದ ಹತ್ತನೆಯ ತಾಣದಲ್ಲಾದರೋ, ಸಾವಿರ ಮೀಟರಿಗಿಂತ ತುಸು ಹೆಚ್ಚು ಆಳದ ನೀರಿನ ಕೆಳಗೆ, ನೂರು ಮೀಟರಿಗೂ ಮೀರಿದ ದಪ್ಪದ ಜೇಡಿಯ ಪದರದಲ್ಲಿ ಅದು ತುಂಬಿಕೊಂಡಿದ್ದಿತು.

ಅಲ್ಲಿಯೇ ಸಾಕ್ಷಿಗಳೊಳಗೆ ಭಿನ್ನಾಭಿಪ್ರಾಯ ಹುಟ್ಟಿತು. ಮಾದರಿಗಳನ್ನು ಮೇಲಕ್ಕೆ ತರುವುದಲ್ಲದೆ, ಕೊರೆಯುತ್ತಿರುವಾಗಲೇ ಬಾವಿಯೊಳಗೆ ಉಪಕರಣವನ್ನಿಳಿಸಿ ಮಣ್ಣಿನ ವಿದ್ಯುದ್ರೋಧವನ್ನೂ ಅಳೆದಿದ್ದರು. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುವುದು, ಹೈಡ್ರೇಟ್ ತಡೆಯುವುದು. ತಡೆ ಹೆಚ್ಚಿದಷ್ಟೂ ಹೈಡ್ರೇಟ್ ಹೆಚ್ಚು ಎಂಬುದು ತರ್ಕ. ಅಮೆರಿಕದ ಆರ್ಚಿ ಎಂಬ ಎಂಜಿನಿಯರು ೧೯೪೨ರಲ್ಲಿ ಮರಳುಗಲ್ಲಿನ ವಿಷಯದಲ್ಲಿ ಪ್ರಕಟಿಸಿದ ಸೂತ್ರದಿಂದ ಈ ತಡೆಯನ್ನು ಶೇಕಡಾವಾರಿಗೆ ತಿರುಗಿಸುವರು. ಹತ್ತನೆಯ ತಾಣದಲ್ಲಿ ಆ ಸೂತ್ರವು ಕೊಟ್ಟ ಪ್ರಮಾಣ ತೆರಪಿನ ಶೇಕಡಾ ೫೦ಕ್ಕೆ ಮೇಲೆ, ಕೆಲವೆಡೆ ೮೦ರವರೆಗೆ. ನೆರೆಯ ಬಾವಿಗಳಿಂದ ತಂದ ಒತ್ತಡದ ಕಂಬಗಳ ಅನಿಲವನ್ನು ಅಳೆದಾಗ ಬಂದುದು ಶೇಕಡಾ ೨೬ಕ್ಕೂ ಕಡಿಮೆ. ಒಂದು ಸಾಕ್ಷಿಯ ಮಾತು ಇನ್ನೊಂದರ ಎರಡು ಮೂರುಪಟ್ಟು. ದೇಶದ ಮುಂದಿನ ಇಂಧನದ ಎಣಿಕೆ ಇಂಥ ಸಂಖ್ಯೆಗಳ ಮೇಲೆ ನಿಲ್ಲುವುದರಿಂದ ಈ ಅಂತರ ಅಲ್ಪವಾದುದಲ್ಲ.

ಯಾವುದನ್ನು ನಂಬಬೇಕು? ಉಪಕರಣ ಕಂಡದ್ದು ಇದ್ದಲ್ಲಿಯೇ ಇದ್ದ ಮಣ್ಣನ್ನು. ಮೇಲೆ ಬಂದ ಕಂಬವಾದರೋ ಅಲುಗಾಡಿದ್ದು. ಹೀಗೆ ನೋಡಿದರೆ ಉಪಕರಣದ ಮಾತೇ ಗ್ರಾಹ್ಯವೆಂದು ತೋರುವುದು. ಆದರೆ ಎಕ್ಸ್-ಕಿರಣದ ಚಿತ್ರಗಳು ಬೇರೆಯ ಸಂಗತಿಯನ್ನು ತಿಳಿಸಿದುವು. ಈ ಜೇಡಿಯಲ್ಲಿ ಹೈಡ್ರೇಟ್ ಕಣಕಣದ ನಡುವೆ ಸಮನಾಗಿ ಹರಡಿರಲಿಲ್ಲ. ಕಡಿದಾಗಿ ನಿಂತ ಬಿರುಕುಗಳಲ್ಲಿ, ಗೋಡೆಗಳಂತೆ, ಎಳೆ ಎಳೆಯಾಗಿ ನಿಂತಿತ್ತು. ನೆಟ್ಟಗಿನ ಬಾವಿಯಲ್ಲಿ ಉಪಕರಣದ ವಿದ್ಯುತ್ತು ಬಹುಮಟ್ಟಿಗೆ ಅಡ್ಡಲಾಗಿ ಹರಿಯಬೇಕು. ಹಾಗೆ ಹರಿಯುವಾಗ ನಿಂತ ಗೋಡೆಗಳನ್ನು ಮತ್ತೆ ಮತ್ತೆ ದಾಟಬೇಕು. ಗೋಡೆ ತೆಳ್ಳಗಿದ್ದರೂ ತಡೆ ದೊಡ್ಡದು. ಆರ್ಚಿಯ ಸೂತ್ರವನ್ನು ಹಚ್ಚುವಾಗ ಹೈಡ್ರೇಟ್ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದೆಯೆಂದು ಮೊದಲೇ ಒಪ್ಪಿಕೊಂಡಿದ್ದರು. ತಪ್ಪು ಆ ಒಪ್ಪಿಗೆಯಲ್ಲಿದ್ದಿತು. ೨೦೦೯ರಲ್ಲಿ ಲೀ ಮತ್ತು ಕೊಲೆಟ್ ಎಂಬ ವಿದ್ವಾಂಸರು ತಮ್ಮ ಪ್ರಬಂಧದಲ್ಲಿ ಇದನ್ನು ವಿಶದಪಡಿಸಿದರು. ಒಂದೇ ತಾಣದ ಬಾವಿಗಳ ನಡುವೆ ಸಹಜವಾಗಿಯೇ ಸ್ವಲ್ಪ ವ್ಯತ್ಯಾಸವಿರಬಹುದಾದರೂ ಅಂತರಕ್ಕೆ ಮುಖ್ಯ ಕಾರಣ ಬಿರುಕುಗಳ ದಿಕ್ಕು ಎಂಬುದು ಅವರ ನಿರ್ಣಯ. ಧ್ವನಿಯ ವೇಗದಂಥ ಬೇರೊಂದು ಅಳತೆಯನ್ನು ಜೊತೆಗಿಟ್ಟುಕೊಂಡು ಸೂತ್ರವನ್ನು ತಿದ್ದಿದರೆ ಅದೇ ವಿದ್ಯುದ್ರೋಧವೂ ಉಪಯುಕ್ತವಾಗುವುದೆಂದು ಅವರು ತೋರಿಸಿದರು.

೨೦೧೫ರಲ್ಲಿ ಜಪಾನಿನ ಚಿಕ್ಯೂ ಹಡಗಿನಲ್ಲಿ ನಡೆದ ಎರಡನೆಯ ಶೋಧಯಾತ್ರೆ ಇದೇ ಕೊಲ್ಲಿಯಲ್ಲಿ ಮರಳಿನ ಪದರಗಳನ್ನು ಅರಸಿ, ಅವುಗಳಲ್ಲಿ ಸಮೃದ್ಧವಾದ ಹೈಡ್ರೇಟನ್ನು ಕಂಡಿತು. ಜೇಡಿಯಲ್ಲಿರುವುದನ್ನು ಕರಗಿಸಿ ಹೊರತೆಗೆಯುವುದು ಕಠಿನ, ಏಕೆಂದರೆ ಅದರೊಳಗೆ ಅನಿಲಕ್ಕೂ ನೀರಿಗೂ ದಾರಿ ಇಕ್ಕಟ್ಟು. ಭಾರತದಲ್ಲಿ ಹೈಡ್ರೇಟಿನಿಂದ ವಾಣಿಜ್ಯ ಪ್ರಮಾಣದ ಅನಿಲೋತ್ಪಾದನೆ ಇನ್ನೂ ಆರಂಭವಾಗಿಲ್ಲ.

೬

ಇದೆಲ್ಲದರಿಂದ ಇತಿಹಾಸದ ವಿದ್ಯಾರ್ಥಿಗೆ ಬರುವ ತಿಳಿವಳಿಕೆ ಏನು? ಅಳಿದುಹೋದುದನ್ನು ಅಳೆಯಬಹುದು, ಆದರೆ ಮೂರು ಸಂಗತಿಗಳು ಗೊತ್ತಿರಬೇಕು. ಅದು ಯಾವ ಕುರುಹನ್ನು ಬಿಟ್ಟಿತು, ಆ ಕುರುಹನ್ನು ಯಾವ ಮೂಲದಿಂದ ಎಣಿಸಬೇಕು, ಇದ್ದಾಗ ಅದು ಯಾವ ರೀತಿ ಇದ್ದಿತು. ನಾವು ಮೊದಲನೆಯದನ್ನು ಶ್ರದ್ಧೆಯಿಂದ ಹುಡುಕುತ್ತೇವೆ. ಶಾಸನ, ಕಡತ, ನಾಣ್ಯಗಳನ್ನು ಕೂಡಿಹಾಕುತ್ತೇವೆ. ಎರಡನೆಯದನ್ನೂ ಮೂರನೆಯದನ್ನೂ ಅನೇಕವೇಳೆ ಮರೆಯುತ್ತೇವೆ. ಒಂದು ಗ್ರಾಮದಲ್ಲಿ ದಾನಶಾಸನಗಳು ಹೆಚ್ಚಾಗಿ ದೊರೆತರೆ ಅಲ್ಲಿ ದಾನ ಹೆಚ್ಚಾಗಿತ್ತೆನ್ನುವೆವು. ಅಲ್ಲಿಯ ಕಲ್ಲು ಬಾಳಿಕೆಯದಾಗಿದ್ದು ನೆರೆಯೂರಿನದು ಸವೆಯುವ ಕಲ್ಲಾಗಿದ್ದಿತೇ ಎಂದು ಕೇಳುವುದಿಲ್ಲ. ಸಾಕ್ಷಿ ಸುಳ್ಳಾಡಿರುವುದಿಲ್ಲ. ಸಾಕ್ಷಿಯ ಮಾತನ್ನು ಅರ್ಥಮಾಡಿಕೊಳ್ಳುವ ಮೊದಲೇ ನಾವು ಮನಸ್ಸಿನಲ್ಲಿ ಒಪ್ಪಿಕೊಂಡ ಮಾತು ಸುಳ್ಳಾಗಿರುತ್ತದೆ.

ಕೊನೆಯಲ್ಲಿ ಆ ಸವಳುಹೊಲದ ವಿಷಯ. ಪರೀಕ್ಷೆ ಮುಗಿದ ಮೇಲೆ ಹೊಲದ ಒಡೆಯರು ಕೇಳಿದರು, ಈ ಉಪ್ಪಿನಲ್ಲಿ ನೀರು ಹಾಯಿಸಿದ್ದರಿಂದ ಬಂದುದೆಷ್ಟು, ಮೊದಲಿನಿಂದ ಇದ್ದುದೆಷ್ಟು ಎಂದು. ಅವರಿಗೆ ಇದು ಶಾಸ್ತ್ರದ ಪ್ರಶ್ನೆಯಲ್ಲ; ನೆಲವನ್ನು ತಿದ್ದಲು ಹಣ ಹಾಕಬೇಕೇ ಬಿಡಬೇಕೇ ಎಂಬ ಬಾಳಿನ ಪ್ರಶ್ನೆ. ನೀರಾವರಿ ಬರುವುದಕ್ಕೆ ಮೊದಲು ಆ ಮಣ್ಣನ್ನು ಯಾರೂ ಪರೀಕ್ಷಿಸಿರಲಿಲ್ಲ. ಸಹೋದ್ಯೋಗಿಗಳು ಸಮುದ್ರದ ವಿಜ್ಞಾನಿಗಳ ದಾರಿಯನ್ನೇ ಹಿಡಿದು, ಅದೇ ಎರೆಯ ದಿಣ್ಣೆಯಲ್ಲಿ ಇನ್ನೂ ಮಳೆಯನ್ನೇ ನಂಬಿ ಬೆಳೆ ತೆಗೆಯುವ ತುಂಡೊಂದರಿಂದ ಮಣ್ಣು ತರಿಸಿದರು. ಅಲ್ಲಿಯ ನೀರಿಗೆ ಕೆಲವೇ ಹನಿಗಳಲ್ಲಿ ಕೆಂಪು ನಿಂತಿತು. ಆ ಹೊಲಕ್ಕೆ ಅದೇ ಆಧಾರಸಂಖ್ಯೆಯಾಯಿತು.

ಮಳೆಯಾಶ್ರಯದ ಅಂಥ ತುಂಡುಗಳು ಈ ನಾಲ್ಕು ತಾಲೂಕುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಗ್ರಾಮಚರಿತ್ರೆಗಾಗಿ ಹಳ್ಳಿಗಳಿಗೆ ಹೋಗುವ ನಮ್ಮ ವಿಭಾಗದ ವಿದ್ಯಾರ್ಥಿಗಳು ಕಡತ, ಕೈಫಿಯತ್ತುಗಳೊಡನೆ ಯಾವ ಹೊಲಕ್ಕೆ ಯಾವ ವರ್ಷ ನೀರು ಬಂದಿತು, ಯಾವುದಕ್ಕೆ ಇನ್ನೂ ಬಂದಿಲ್ಲ ಎಂಬುದನ್ನೂ ಬರೆದುಕೊಂಡು ಬಂದರೆ, ಸಾಧ್ಯವಾದಲ್ಲಿ ಒಂದು ಹಿಡಿ ಮಣ್ಣನ್ನು ಊರು, ತೇದಿ ಬರೆದ ಚೀಲದಲ್ಲಿ ತಂದಿಟ್ಟರೆ, ಮುಂದಿನ ತಲೆಮಾರಿನ ಲೆಕ್ಕಕ್ಕೆ ಮೂಲವೊಂದು ಉಳಿದೀತು.